ಎರಡೂಕಾಲು ಕಿಲೋದ ಡಬ್ಬಿ

ಬೀದರ
೧೧ ಫೆಬ್ರವರಿ ೨೦೧೬

ಬರ್ನಬಾಸ ಮಾಮಾಗೆ ನವೊಮಿಯ ವಂದನೆಗಳು.

ಮಾಮಾ, ನಾ ಇಲ್ಲಿ ಆರಾಮ ಇದ್ದೇನ್ರಿ. ಔರಾದದಾಗ ಅವ್ವನೂ ಆರಾಮ ಇದ್ದಾಳ. ಫೋನಿನಾಗ ನಿಮಗ ಅರ್ಧ ಕೇಳಂಗಿಲ್ಲ, ಉಳಿದ ಅರ್ಧಕ್ಕ ನೀವು ‘ಹೂಂ ಹೂಂ’ ಅಂತೀರಿ. ಅದಕ್ಕ ಮೊದಲಿನಂಗ ಕಾಗದಾನೇ ಬರೀತೇನಿ. ಇದರ ಸಂಗಾಟ ಭಾಲ್ಕಿ ಬಸ್ಸಿನ ಕಂಡಕ್ಟರ್ ಕೈಯಾಗ ಒಂದು ಕಟ್ಟೂ ಕಳಿಸೇನ್ರಿ. ಬಸ್‌ಸ್ಟ್ಯಾಂಡಿಗೆ ಹೋಗಿ ಇಸಗೊಳ್ರಿ.

ಒಂದು ಸುದ್ದಿ ಅದ. ವಹೀದಾಬಿಯ ಕಂಪ್ಯೂಟರ್ ದುಕಾನಕ್ಕ ನಾ ಸೇರಿ ಎರಡು ವರ್ಷ ಆಯ್ತಲ್ಲರಿ. ಇಷ್ಟು ದಿನ ಕೌಂಟರಿನಾಗ ನಿಂತು ಮೌಸು, ಇಂಕು ಮಾರಿದೆ. ಈಗ ರಿಪೇರಿ ಟೇಬಲ್ಲಿಗೆ ಕೂಡ್ಸ್ಯಾರ. ನನ್ನ ಹೆಸರಿನ್ಯಾಗ ಮೊದಲನೇ ಕೆಲಸಾನೂ ಕೊಟ್ಟಾರ. ಚೌಬಾರಾ ಹತ್ತಿರ ಹಬೀಬ ಚಾಚಾ ಅಂತ ಒಬ್ಬರು ಇದ್ದಾರ, ಮೊದಲು ಕ್ಯಾಸೆಟ್ ಬಾಡಿಗಿಗೆ ಕೊಡ್ತಿದ್ರು, ಈಗ ಗೇಮ್ ಆಡ್ಸೋ ಕೋಣಿ ಇಟ್ಟಾರ. ಅವರಿಗೆ ಒಂದು ದೊಡ್ಡ ಗೇಮಿಂಗ್ ಕಂಪ್ಯೂಟರ್ ಬೇಕಂತ. ಬಿಡಿ ಸಾಮಾನು ತಂದು ಜೋಡಿಸಿ ಕಟ್ಟೋದು. ಇಂಥದ್ದು ನಮ್ಮ ದುಕಾನದಾಗ ಯಾರೂ ಕಟ್ಟಿಲ್ಲ. ಛಲೋ ಆದ್ರ ಆ ಟೇಬಲ್ ನಂದೇ ಅಂತ ವಹೀದಾಬಿ ಅಂದಾರ.

ಎಲ್ಲಾ ಸಾಮಾನು ಆರಿಸಿ ಆಯ್ತು. ಎಸ್‌ಎಂಪಿಎಸ್ ಒಂದು ಉಳದದ. ಗೋಡಿ ಕರೆಂಟ್ ತಗೊಂಡು ಕಂಪ್ಯೂಟರಿಗೆ ಬೇಕಾದಷ್ಟು ಇಳಿಸಿ ಕೊಡೋ ಡಬ್ಬಿ ಅದು. ಕಟ್ಟಿನಾಗ ಎರಡು ಅವ. ಕರೀದು ೫೫೦ ವ್ಯಾಟಿಂದು, ಬೂದಿ ಬಣ್ಣದ್ದು ೭೫೦ ವ್ಯಾಟಿಂದು. ಕರೀದಕ್ಕ ಐದು ವರ್ಷದ ಗ್ಯಾರಂಟಿ ಅದ. ನನ್ನ ಮನಸ್ಸು ಕರೀದರ ಮ್ಯಾಲ ಅದರಿ. ಆದ್ರ ನೀವು ಮೂವತ್ತು ವರ್ಷ ಬಾವಿ ಪಂಪಿನ ಮೋಟಾರಿಗೆ ತಂತಿ ಸುತ್ತಿ ಕಟ್ಟಿದೋರು, ಕರೆಂಟಿನ ಮಾತಿನಾಗ ನಿಮ್ಮನ್ನ ಕೇಳದೆ ನಾ ಹ್ಯಾಂಗ ಮುಂದ ಹೋಗಲಿ. ನೋಡಿ ಹೇಳ್ರಿ.

ನಿಮ್ಮ ಸೊಸಿ
ನವೊಮಿ


ಭಾಲ್ಕಿ
೧೩ ಫೆಬ್ರವರಿ ೨೦೧೬

ಮಗಳ ನವೊಮಿ,

ಕಟ್ಟು ಬಂತು. ಕಂಡಕ್ಟರ್ ಅದನ್ನ ತನ್ನ ಸೀಟಿನ ಕೆಳಗ ಇಟ್ಟಿದ್ದ, ಮ್ಯಾಲ ಒಂದು ಕೋಳಿ ಬುಟ್ಟಿ. ಡಬ್ಬಿಗೆ ಏನೂ ಆಗಿಲ್ಲ.

ನೀ ಟೇಬಲ್ಲಿಗೆ ಕೂತಿ ಅಂತ ಓದಿ ನನ್ನ ಎದಿ ಎರಡು ಬೆರಳು ಉಬ್ಬಿತು. ನಿಮ್ಮವ್ವ ಎಸ್ತರ ನಿನ್ನ ನರ್ಸ್ ಮಾಡ್ತೇನಿ ಅಂತ ಹಟ ಹಿಡಿದಿದ್ಲು. ನಾ ಅಂದೆ, ತಂಗಿ, ಈಕಿ ನನ್ನ ದುಕಾನದಾಗ ಆರನೇ ವಯಸ್ಸಿಗೆ ತಂತಿ ಸುತ್ತಿದಾಕಿ, ಈಕಿ ಕೈ ಸೂಜಿಗಲ್ಲ, ಸ್ಕ್ರೂಡ್ರೈವರಿಗೆ ಹುಟ್ಟ್ಯದ ಅಂತ. ಈಗ ನೋಡು.

ಡಬ್ಬಿ ವಿಚಾರ. ಕೇಳಿದ್ದು ಛಲೋ ಮಾಡಿದಿ. ನಾ ಎರಡನ್ನೂ ಎರಡು ಕೈಯಾಗ ಹಿಡಿದೆ, ಅಷ್ಟಕ್ಕೇ ತಿಳೀತು. ನಿನ್ನ ಸಮಾಧಾನಕ್ಕ ತಾಮ್ರ ತೂಗೋ ತಕ್ಕಡಿಗೂ ಹಾಕಿದೆ. ಕರೀದು ಒಂದೂಮುಕ್ಕಾಲು ಕಿಲೋ. ಬೂದಿ ಬಣ್ಣದ್ದು ಎರಡೂಕಾಲು. ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕು? ಭಾರ ಎಲ್ಲಿಂದ ಬರ್ತದ, ತಾಮ್ರದಿಂದ. ತಾಮ್ರ ಹೆಚ್ಚಿದ್ರ ಒಳಗ ಸುತ್ತಿದ ಕಾಯಿಲ್ ಗಟ್ಟಿ, ಕಾಯಿಲ್ ಗಟ್ಟಿ ಇದ್ರ ಸುಡಂಗಿಲ್ಲ. ಹಿಂದೊಮ್ಮೆ ಒಬ್ಬ ವ್ಯಾಪಾರಿ ಅಲ್ಯುಮಿನಿಯಂ ತಂತಿಗೆ ಕೆಂಪು ವಾರ್ನಿಶ್ ಹೊಡೆದು ತಾಮ್ರ ಅಂತ ಮಾರ್ಲಿಕ್ಕ ಬಂದಿದ್ದ. ಸಾಯಗಾಂವದಿಂದ ಬೀದರ ತನಕ ಎಲ್ಲರೂ ತಗೊಂಡ್ರು. ನಾ ಒಂದು ಸುರುಳಿ ಕೈಯಾಗ ಎತ್ತಿ ಅವನ ಮುಂದ ಒಗದೆ. ಅವತ್ತಿಂದ ಭಾಲ್ಕಿ ಮಂದಿ ‘ಬರ್ನಬಾಸ ಮಿಸ್ತ್ರಿ ಕೈ ಅಂದ್ರ ತಕ್ಕಡಿ’ ಅಂತಾರ.

ಬೂದಿ ಬಣ್ಣದ್ದು ಹಾಕು. ಕರೀದನ್ನ ತಂದಲ್ಲಿಗೇ ವಾಪಸ್ ಕಳಿಸು.

ನಿನ್ನ ಮಾಮಾ
ಬರ್ನಬಾಸ

ಇನ್ನೊಂದು ಮಾತು. ನಿನ್ನ ಅಕ್ಷರ ಇರಿವಿ ಸಾಲು ಇದ್ದಂಗ ಇರ್ತಾವ. ಜರಾ ದೊಡ್ಡದು ಬರಿ. ಕಾಗದಕ್ಕ ಬರಗಾಲ ಬಂದಿಲ್ಲ.


ಬೀದರ
೧೬ ಫೆಬ್ರವರಿ ೨೦೧೬

ಮಾಮಾಗೆ ವಂದನೆಗಳು.

ನಿಮ್ಮ ಪತ್ರ ಓದಿದೆ. ನನ್ನ ಅಕ್ಷರಕ್ಕ ಬೈತೀರಿ, ನಿಮ್ಮವು ಈಗೀಗ ಗೋಡಿ ಮ್ಯಾಲಿನ ಜಾಹೀರಾತಿನಷ್ಟು ಆಗ್ಯಾವ. ಒಂದು ಹಾಳ್ಯಾಗ ಹತ್ತು ಸಾಲು. ಮಿಸ್ತ್ರಿ ದೊಡ್ಡವರಾದಂಗ ಅಕ್ಷರಾನೂ ದೊಡ್ಡವಾದ್ವು ಅಂತ ವಹೀದಾಬಿಗೆ ತೋರಿಸಿ ನಕ್ಕೆ.

ಸಿಟ್ಟಿಗೇಳಬ್ಯಾಡ್ರಿ, ಒಂದು ಮಾತು ಕೇಳ್ತೇನಿ. ಗೇಮ್ ಆಡೋ ಕಾರ್ಡು ಮತ್ತ ಪ್ರೊಸೆಸರ್ ಎರಡೂ ಉಣ್ಣೋದು ಹನ್ನೆರಡು ವೋಲ್ಟಿನ ಲೈನಿನಿಂದ. ನಾ ಲೆಕ್ಕ ಹಾಕಿದ್ರ ಜೋರಾಗಿ ಆಡುವಾಗ ಇಪ್ಪತ್ತೈದು ಆಂಪಿಯರ್ ಬೇಕು. ಬೂದಿ ಡಬ್ಬಿ ಮ್ಯಾಲ ೭೫೦ ಅಂತ ದೊಡ್ಡದಾಗಿ ಬರದಾರ ಖರೇ, ಆದ್ರ ಬಗಲಿನ ಲೇಬಲ್ಲಿನಾಗ ಹನ್ನೆರಡು ವೋಲ್ಟಿನ ಮುಂದ ೧೮ ಆಂಪಿಯರ್ ಅಂತ ಸಣ್ಣದಾಗಿ ಅದ. ಕರೀದರ ಮ್ಯಾಲ ೪೩ ಅದ. ನನ್ನ ತಿಳುವಳಿಕಿ ತಪ್ಪಿರಬಹುದು. ಇನ್ನೊಮ್ಮೆ ಆ ಲೇಬಲ್ ನೋಡ್ತೀರೇನ್ರಿ? ಎರಡೂ ಡಬ್ಬಿ ಇನ್ನೂ ನಿಮ್ಮ ಕಡೇನೇ ಅವ.

ನವೊಮಿ


ಭಾಲ್ಕಿ
೧೯ ಫೆಬ್ರವರಿ ೨೦೧೬

ನವೊಮಿ,

ಲೇಬಲ್ ಏನು ನೋಡೋದು? ಲೇಬಲ್ ಛಾಪ್ಸೋದು ಹತ್ತು ಪೈಸೆ ಕೆಲಸ. ಸಣ್ಣ ಅಕ್ಷರ ಓದ್ತಾ ಕೂತ್ರ ಈ ಭಾಲ್ಕಿಯೊಳಗ ಒಂದು ಮೋಟಾರೂ ತಿರಗ್ತಿದ್ದಿಲ್ಲ. ನಿನಗ ನಾ ಕೈ ಹಿಡಿದು ಕಲಿಸಿದ್ದು ಮರತಿ, ಆ ಇಂಟರ್ನೆಟ್ಟಿನಾಗ ಯಾರೋ ಬರದಿದ್ದು ನೆಪ್ಪದ. ಹಿತ್ತಲ ಗಿಡ ಮದ್ದಲ್ಲ ಅಂತಾರ, ಹಂಗಾತು ನನ್ನ ಕಥಿ.

ಕೇಳಬೇಕಂತ ಇದ್ರ ಕೇಳು. ಕೇಳಿದ ಮ್ಯಾಲ ಒಪ್ಪು. ಒಪ್ಪಂಗಿಲ್ಲ ಅಂದ್ರ ಮೊದಲೇ ಕೇಳಬಾರದಿತ್ತು.

ಎರಡೂ ಡಬ್ಬಿ ಇವತ್ತಿನ ಬಸ್ಸಿಗೆ ಕಳಿಸೇನಿ. ಯಾವುದು ಹಾಕಬೇಕು ನಿನಗ ಗೊತ್ತದ.

ಬರ್ನಬಾಸ


ಬೀದರ
೫ ಮಾರ್ಚ್ ೨೦೧೬

ಮಾಮಾಗೆ ವಂದನೆಗಳು.

ನೀವು ಹೇಳಿದ್ದೇ ಹಾಕೇನ್ರಿ. ನಿನ್ನೆ ಕಂಪ್ಯೂಟರ್ ಚಾಲೂ ಆಯ್ತು. ಮೊದಲ ಬಟನ್ ನಾನೇ ಒತ್ತಿದೆ. ಪಂಖಾ ತಿರಗಿ, ಪರದಿ ಮ್ಯಾಲ ಬೆಳಕು ಬಂದ ಕೂಡ್ಲೆ ಹಬೀಬ ಚಾಚಾ ‘ಮಾಶಾಲ್ಲಾ’ ಅಂದ್ರು. ವಹೀದಾಬಿ ಟೇಬಲ್ಲಿನ ಡ್ರಾವರಿನ ಚಾವಿ ನನ್ನ ಕೈಗೆ ಕೊಟ್ರು.

ಇಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರ್ತದ. ಹೈದರಾಬಾದ ಬಸ್ಸು ಗುಳೇ ಹೋಗೋ ಮಂದಿಯಿಂದ ಹಂಡೆ, ಹಾಸಿಗಿ ಸಮೇತ ತುಂಬಿ ಹೋಗ್ತಾವ. ಬಗದಲ್ ಕಡೆ ಅರ್ಧ ಓಣಿ ಖಾಲಿ ಅಂತ. ಗೇಮ್ ಆಡೋರೂ ಕಡಿಮಿ ಆಗ್ಯಾರ, ಅದಕ್ಕೇ ಚಾಚಾ ಈ ಮಷೀನಿನ ಮ್ಯಾಲ ಇಷ್ಟು ಆಸೆ ಇಟ್ಟಾರ.

ನಿಮ್ಮ ದುಕಾನ ಹ್ಯಾಂಗ ನಡದದ? ಪಂಢರಿ ಕಾಕಾ ಆರಾಮ ಇದ್ದಾರೇನ್ರಿ?

ನವೊಮಿ


ಭಾಲ್ಕಿ
೨೯ ಮಾರ್ಚ್ ೨೦೧೬

ಮಗಳ ನವೊಮಿ,

ಪುನರುತ್ಥಾನದ ಹಬ್ಬ ಛಲೋ ಆಯ್ತು. ಈ ಸಲ ಚರ್ಚಿನ ಸಭೆಯೊಳಗ ಬೈಬಲ್ ಪಾಠ ನಾ ಓದಲಿಲ್ಲ. ಇಪ್ಪತ್ತೆರಡು ವರ್ಷ ಓದೇನಿ, ಬ್ಯಾರೇದವರೂ ಓದ್ಲಿ ಅಂತ ಬಿಟ್ಟೆ. ಆದ್ರ ಆರಾಧನೆ ಮುಗಿದ ಮ್ಯಾಲ ಚಹಾ ಕುಡಿಯೋವಾಗ ನಿನ್ನ ಸುದ್ದಿ ಎಲ್ಲರಿಗೂ ಹೇಳಿದೆ. ಬೀದರದಾಗ ಹಿಂಥಾ ದೊಡ್ಡ ಕಂಪ್ಯೂಟರ್ ಕಟ್ಟ್ಯಾಳ, ಅದಕ್ಕ ಡಬ್ಬಿ ನಾ ಆರಿಸಿ ಕೊಟ್ಟೆ ಅಂತ. ಪಾಸ್ಟರ್ ಕೇಳಿ, ಸಭೆಯ ಆಫೀಸಿನ ಕಂಪ್ಯೂಟರಿಗೂ ಒಂದು ತರಿಸಿ ಕೊಡ್ರಿ ಅಂದಾರ. ನಾ ಅದೇ ಬೂದಿ ಬಣ್ಣದ್ದು ಹೈದರಾಬಾದದಿಂದ ತರ್ಸಲಿಕ್ಕ ಹೇಳೇನಿ.

ಪಂಢರಿ ದೀಪಾವಳಿಗೇ ಪುಣೆಕ್ಕ ಹೋದ, ಹೆಂಡ್ತಿ ಮಕ್ಕಳ ಸಮೇತ. ನಿನಗ ಹೇಳಿರಲಿಲ್ಲ. ಹದಿನಾಲ್ಕು ವರ್ಷ ನನ್ನ ಬಗಲಿಗೆ ಕೂತಿದ್ದ. ಬಾವಿ, ಬೋರ್ ಬತ್ತೋ ಮುಂದ ಮೋಟಾರ್ ಸುಡ್ತಾವ, ನಮಗ ಕೈ ತುಂಬ ಕೆಲಸ. ಪೂರ್ತಿ ಬತ್ತಿದ ಮ್ಯಾಲ ಏನು ಸುಡಬೇಕು. ನಾ ಸುಮ್ಮ ದುಕಾನ ತೆಗೀತೇನಿ, ಕಸಾ ಹೊಡೀತೇನಿ, ಕೂಡ್ತೇನಿ.

ಹಬೀಬ ಸಾಹೇಬರ ಮಷೀನ್ ಹ್ಯಾಂಗ ನಡದದ ಬರಿ. ಸವಿಸ್ತರ ಬರಿ.

ಮಾಮಾ


ಔರಾದ
೧೨ ಏಪ್ರಿಲ್ ೨೦೧೬

ಮಾಮಾಗೆ ವಂದನೆಗಳು.

ಮಷೀನ್ ಛಲೋ ನಡದದ್ರಿ.

ಅವ್ವಗ ಮೊಣಕಾಲು ನೋವು ಹೆಚ್ಚಾಗ್ಯದ. ಟ್ಯಾಂಕರ್ ನೀರು ಹೊರಲಿಕ್ಕ ಆಗಂಗಿಲ್ಲ, ಅದಕ್ಕ ನಾ ಕೆಲವು ದಿನ ಇಲ್ಲೇ ಬಂದೇನಿ. ಇಲ್ಲೊಂದು ಝರಾಕ್ಸ್ ದುಕಾನದಾಗ ಕೂಡ್ತೇನಿ. ಎಕಂಬಾ ಕಡೆಯಿಂದ ಮಂದಿ ಬೆಳೆ ಪರಿಹಾರದ ಅರ್ಜಿಗೆ ಕಾಗದ ಝರಾಕ್ಸ್ ಮಾಡಿಸ್ಲಿಕ್ಕ ಬರ್ತಾರ, ಕೆಲಸ ಇರ್ತದ.

ನೀವು ಚರ್ಚಿನ ಆಫೀಸಿಗೆ ಬ್ಯಾರೆ ಡಬ್ಬಿ ತರಿಸಿದ್ರ ಆಗ್ತಿತ್ತೇನೋ. ಸುಮ್ಮ ಅಂದೆ.

ನವೊಮಿ


ಭಾಲ್ಕಿ
೨೭ ಏಪ್ರಿಲ್ ೨೦೧೬

ನವೊಮಿ,

ಚರ್ಚಿಗೆ ಅಂತ ತರ್ಸಿದ ಡಬ್ಬಿ ಬಂತು. ಒಳಗಿನ ತಾಮ್ರ ಎಷ್ಟದ ಪಾಸ್ಟರಿಗೆ ತೋರಿಸಿ ಮೆರೀಬೇಕಂತ ಇವತ್ತು ಮಧ್ಯಾಹ್ನ ನಾಲ್ಕು ಸ್ಕ್ರೂ ಬಿಚ್ಚಿದೆ. ಪಾಸ್ಟರ್ ಇನ್ನೂ ಬಂದಿರಲಿಲ್ಲ, ದೇವರ ದಯೆ.

ಒಳಗ ಒಂದು ಸಿಮೆಂಟಿನ ತುಂಡು ಅದ ಮಗಳ. ಇಟ್ಟಂಗಿಯ ಕಾಲು ಭಾಗದಷ್ಟು. ಅದಕ್ಕ ಕಬ್ಬಿಣದ ಪಟ್ಟಿ ಬಡಿದು, ತಳಕ್ಕ ಬೋಲ್ಟ್ ಹಾಕ್ಯಾರ. ಒಂದು ತಂತಿಯೂ ಅದಕ್ಕ ಹೋಗಂಗಿಲ್ಲ, ಅದರಿಂದ ಬರಂಗೂ ಇಲ್ಲ. ತೂಗಿದೆ, ಮುಕ್ಕಾಲು ಕಿಲೋ. ಅದನ್ನ ತೆಗೆದ್ರ ಡಬ್ಬಿ ನಿನ್ನ ಕರೀದಕ್ಕಿಂತ ಹಗೂರ. ಖರೇ ಟ್ರಾನ್ಸ್‌ಫಾರ್ಮರ್ ಬೆಂಕಿಪೆಟ್ಟಿಗಿಯಷ್ಟ ಅದ. ಕೈಯಾಗ ಎತ್ತಿ ನೋಡಿ ತಗೊಳ್ಳೋ ನನ್ನಂಥ ಮೂರ್ಖರು ಇರ್ತಾರಂತ ಗೊತ್ತಿದ್ದೇ ಅವರು ಅದನ್ನ ಹಾಕ್ಯಾರ.

ನಿನ್ನ ಹಬೀಬ ಸಾಹೇಬರ ಕೋಣ್ಯಾಗ ಅಂಥದ್ದೇ ಡಬ್ಬಿ ನಡದದ. ಅಲ್ಲಿ ಮಂದಿ ಕೂತಿರ್ತಾರ. ಬ್ಯಾಸಿಗಿ. ಹನ್ನೆರಡು ವೋಲ್ಟಿನ ಲೈನ್ ಸುಟ್ರ ಬೆಂಕಿ ಹತ್ತೋದು ಒಂದು ನಿಮಿಷದ ಕೆಲಸ. ನೀ ಕೂಡ್ಲೆ ಹೋಗಿ ಆ ಮಷೀನ್ ಬಂದ್ ಮಾಡಿಸು. ‘ನನ್ನ ಮಾಮಾ ಹೇಳಿದ್ದು ತಪ್ಪು’ ಅಂತ

ಇಲ್ಲ. ಇಷ್ಟು ಬರೆದು ಅರ್ಧ ತಾಸು ಆಯ್ತು. ಹಬ್ಬದ ದಿನ ಎಲ್ಲರ ಮುಂದ ಹೇಳಿದ ಮಾತು ನೆಪ್ಪಾಗಲಿಕತ್ತದ. ಈ ಕಾಗದ ನಾ ಟಪಾಲಿಗೆ ಹಾಕಂಗಿಲ್ಲ. ಬ್ಯಾರೆ ಥರ ಬರೀತೇನಿ.


ಭಾಲ್ಕಿ
೩೦ ಏಪ್ರಿಲ್ ೨೦೧೬

ಮಗಳ ನವೊಮಿ,

ನಾ ಆರಾಮ. ಬಿಸಿಲು ಭಾಳ ಅದ.

ಹಬೀಬ ಸಾಹೇಬರಿಗೆ ಒಂದು ಮಾತು ತಿಳಿಸು. ಬ್ಯಾಸಿಗಿ ಮುಗಿಯೋ ತನಕ ಆ ಮಷೀನ್ ತಾಸಿಗೊಮ್ಮೆ ಬಂದ್ ಮಾಡಿ ತಂಪು ಮಾಡ್ಲಿ. ಪರದೆ, ಬಟ್ಟಿ, ಕಾಗದ ಹತ್ತಿರ ಇಡಬ್ಯಾಡ್ರಿ ಅನ್ನು. ಡಬ್ಬಿಯೊಳಗ ತೊಂದರೆ ಏನಿಲ್ಲ. ಯಾವ ಮಷೀನಿಗೂ ಬ್ಯಾಸಿಗಿಯೊಳಗ ವಿಶ್ರಾಂತಿ ಬೇಕು, ಅಷ್ಟೇ.

ಚರ್ಚಿನ ಡಬ್ಬಿ ಇನ್ನೂ ಬಂದಿಲ್ಲ. ಬರೋದು ತಡ ಆಗ್ತದಂತ.

ಎಸ್ತರಗ ಎಳ್ಳೆಣ್ಣಿ ಹಚ್ಚು.

ಮಾಮಾ


ಔರಾದ
೯ ಮೇ ೨೦೧೬

ಮಾಮಾಗೆ ವಂದನೆಗಳು.

ಹಬೀಬ ಚಾಚಾಗ ತಿಳಿಸೇನ್ರಿ. ಹಂಗೇ ಮಾಡ್ತೇವಿ ಅಂದಾರ. ಮಷೀನ್ ತಂಪೇ ಅದ.

ಅಷ್ಟು ದೂರ ಕೂತು ನೀವು ಒಂದು ಮಷೀನಿನ ಕಾಳಜಿ ಇಷ್ಟು ಮಾಡೋದು ನೋಡಿ ನನಗ ಏನು ಬರೀಬೇಕೋ ತಿಳೀವಲ್ದು. ಅವ್ವ ನಿಮ್ಮ ಪತ್ರ ಓದಿ, ಅಣ್ಣ ಮೊದಲಿನಂಗ ಬೈದಿಲ್ಲ ಯಾಕ ಅಂತ ಕೇಳಿದ್ಲು.

ನವೊಮಿ


ಭಾಲ್ಕಿ
೩ ಜೂನ್ ೨೦೧೬

ನವೊಮಿ,

ನಿನ್ನೆ ನಾ ಬೀದರಕ್ಕ ಹೋಗಿದ್ದೆ.

ಯಾಕ ಹೋದೆ ಮೊದಲು ಹೇಳ್ತೇನಿ. ಇದರ ಸಂಗಾಟ ಇಟ್ಟಿರೋ ಏಪ್ರಿಲ್ ೨೭ರ ಹಾಳಿ ಓದು. ಅವತ್ತು ಬರೆದು ಬೈಬಲ್ಲಿನಾಗ ಮಡಚಿ ಇಟ್ಟಿದ್ದೆ. ಮೂರು ದಿನ ಬಿಟ್ಟು ಕಳಿಸಿದ್ದು ಸುಳ್ಳಿನ ಪತ್ರ. ಐದು ವಾರ ನಾ ದಿನಾ ಮುಂಜಾನಿ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಗೆ ಹೋಗಿ, ಬೀದರದಾಗ ಎಲ್ಲಾದ್ರೂ ಬೆಂಕಿ ಹತ್ತಿತೇನು ಅಂತ ಪೇಪರ್ ಓದೋರನ್ನ ಕೇಳಿದೆ. ಕೇಳಿ ಬಂದು ದುಕಾನದಾಗ ಕೂತೆ. ಒಂದು ಸಾಲು ಬರೀಲಿಕ್ಕ ಆಗಲಿಲ್ಲ. ಮಂದಿ ಸುಟ್ರೂ ಆಗಲಿ, ಮಿಸ್ತ್ರಿ ತಪ್ಪಿದ ಅಂತ ಆಗಬಾರದು, ನನ್ನ ಬುದ್ಧಿ ಆ ಮಟ್ಟಕ್ಕ ಇಳಿದಿತ್ತು. ಬರೀಲಿಕ್ಕ ನಾಚಿಕಿ ಆಗ್ತದ.

ಕಡೀಗೆ ಕರೀ ಡಬ್ಬಿ ಒಂದು ಹೈದರಾಬಾದದಿಂದ ತರ್ಸಿದೆ. ಕಳ್ಳನಂಗ ಹೋಗಿ, ನೀ ಔರಾದದಾಗ ಇರೋವಾಗ್ಲೇ, ಹಬೀಬ ಸಾಹೇಬರ ಮಷೀನಿಗೆ ಅದನ್ನ ಹಾಕಿ ಬರಬೇಕಂತ ಇತ್ತು. ನಿನಗೂ ತಿಳೀಬಾರದು.

ಹೋದ್ರ ಕೋಣ್ಯಾಗ ನಿನ್ನ ಮಷೀನ್ ಇಲ್ಲ. ಗೋಡಿಗೆ ಕಪ್ಪು ಕಲಿ. ಪರದೆ ಅರ್ಧ ಸುಟ್ಟದ್ದು ಹಂಗೇ ಜೋತಾಡ್ತದ. ಮಾರ್ಚ್ ಇಪ್ಪತ್ತಾರಕ್ಕ, ನಾ ಹಬ್ಬದ ಚಹಾ ಕುಡೀತಾ ಮೆರೆಯೋ ಹಿಂದಿನ ದಿನ, ಢಂ ಅಂತ ಸಪ್ಪಳ ಆಗಿ ಹೊಗೆ ಬಂತಂತ. ಬೋರ್ಡು, ಕಾರ್ಡು ಎರಡೂ ಹೋದ್ವಂತ. ಹಬೀಬ ಸಾಹೇಬರು ಬರಿಗೈಲೆ ಪ್ಲಗ್ ಕಿತ್ತಾರ, ಎರಡು ಬೆರಳು ಇನ್ನೂ ಬೆಳ್ಳಗ ಅವ. ನನಗ ತೋರಿಸಿ ‘ಕುಛ್ ನಹೀಂ’ ಅಂದ್ರು. ಆ ಬೆರಳು ನೋಡಲಿಕ್ಕ ನನಗ ಆಗಲಿಲ್ಲ.

ಅಲ್ಲಿಂದ ವಹೀದಾಬಿ ದುಕಾನಕ್ಕ ಹೋದೆ. ಆಕಿ ಅಂದ್ಲು, ‘ನಾ ನವೊಮಿಗೆ ಹೋಗು ಅನ್ನಲಿಲ್ಲರಿ. ಯಾರು ಈ ಡಬ್ಬಿ ಆರಿಸಿದ್ದು ಅಂತ ಒಂದೇ ಮಾತು ಕೇಳಿದೆ. ನಾನೇ ಅಂದ್ಲು. ಯಾರೂ ಹೇಳಿಕೊಟ್ಟಿಲ್ಲ ಏನು ಅಂದೆ. ಯಾರೂ ಇಲ್ಲ ಅಂದ್ಲು. ಸ್ಕ್ರೂಡ್ರೈವರ್, ಡ್ರಾವರಿನ ಚಾವಿ ಟೇಬಲ್ ಮ್ಯಾಲ ಇಟ್ಟು ಹೋದ್ಲು.’

ಯಾರೂ ಇಲ್ಲ ಅಂದಿ. ಇಡೀ ಸಭೆಯ ಮಂದಿಗೆ ‘ನಾನೇ ಆರಿಸಿದ್ದು’ ಅಂತ ಡಂಗುರ ಹೊಡಕೊಂಡು ತಿರುಗಿದಾಂವ ನಾನು. ಆ ಮಾತು ಹೇಳಬೇಕಾದ ಜಾಗದಾಗ ನೀ ನನ್ನ ಹೆಸರು ಎತ್ತಲಿಲ್ಲ.

ನಾ ವಹೀದಾಬಿ ಮುಂದ, ಹಬೀಬ ಸಾಹೇಬರನ್ನ ಅಲ್ಲಿಗೇ ಕರೆಸಿ, ಎಲ್ಲಾ ಹೇಳಿದೆ. ಸಿಮೆಂಟಿನ ತುಂಡು ಚೀಲದಾಗ ಇತ್ತು, ತೆಗೆದು ಮುಂದ ಇಟ್ಟೆ. ‘ನವೊಮಿ ಬ್ಯಾಡ ಅಂದ್ಲು, ನಾ ಒತ್ತಾಯ ಮಾಡಿ ಹಾಕಿಸಿದೆ’ ಅಂದೆ. ನನ್ನ ವಯಸ್ಸು ನೋಡಿ ಯಾರೂ ಬೈಲಿಲ್ಲ. ಬೈದಿದ್ರ ಛಲೋ ಇತ್ತು. ಟೇಬಲ್ ಖಾಲಿ ಅದ, ಬರಲಿಕ್ಕ ಹೇಳ್ರಿ ಅಂತ ವಹೀದಾಬಿ ಅಂದ್ಲು.

ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ. ಅದು ನನ್ನ ಮಾನ, ಹೋಗ್ಲಿ. ನಿಂದು ಹೋಗಬಾರದಿತ್ತು. ನೀ ಹೋಗು ಮಗಳ, ಟೇಬಲ್ಲಿಗೆ ಹೋಗು.

ಬರ್ನಬಾಸ


ಔರಾದ
೧೨ ಜೂನ್ ೨೦೧೬

ಮಾಮಾ,

ನಿಮ್ಮ ಪತ್ರ ಮೂರು ಸಲ ಓದಿದೆ. ಎರಡನೇ ಸಲ ಅವ್ವನ ಮುಂದ ಓದಿದೆ, ಆಕಿ ಎದ್ದು ಒಳಗ ಹೋದ್ಲು.

ನೀವು ನನ್ನನ್ನ ಭಾಳ ದೊಡ್ಡಾಕಿ ಮಾಡಿ ಬರದೀರಿ. ಹಂಗ ಬರೀಬ್ಯಾಡ್ರಿ. ನಿಮ್ಮ ಹೆಸರು ನಾ ಹೇಳಲಿಲ್ಲ ಖರೇ, ಆದ್ರ ಅದು ನಿಮ್ಮ ಮ್ಯಾಲಿನ ಪ್ರೀತಿ ಒಂದೇ ಅಲ್ಲ. ಹೇಳಿದ್ರ ವಹೀದಾಬಿ ಮುಂದಿನ ಮಾತು ಕೇಳ್ತಿದ್ರು: ನಿನಗ ಗೊತ್ತಿರಲಿಲ್ಲ ಏನು?

ನನಗ ಗೊತ್ತಿತ್ತು ಮಾಮಾ. ನಿಮ್ಮ ಪತ್ರ ಬರೋ ಮೊದಲೇ ಗೊತ್ತಿತ್ತು. ಹನ್ನೆರಡು ವೋಲ್ಟಿಗೆ ಹದಿನೆಂಟು ಆಂಪಿಯರ್ ಅಂದ್ರ ಇನ್ನೂರ ಹದಿನಾರು ವ್ಯಾಟ್, ಮುನ್ನೂರು ಬೇಕಾದಲ್ಲಿ. ಏಳನೇ ಕ್ಲಾಸಿನ ಗುಣಾಕಾರ. ಕರೀದನ್ನ ಹಾಕಬೇಕಂತ ನಾ ಆರಿಸಿ ಇಟ್ಟಾಗಿತ್ತು.

ಹಂಗಾದ್ರ ನಿಮ್ಮನ್ನ ಯಾಕ ಕೇಳಿದೆ? ಇದನ್ನ ಬರೀಬೇಕೋ ಬ್ಯಾಡೋ ಅಂತ ವಿಚಾರ ಮಾಡ್ತಾ ನಾಲ್ಕು ದಿನ ಆಯ್ತು. ಈಗ ನಮ್ಮಿಬ್ಬರ ನಡುವ ಇಷ್ಟೆಲ್ಲಾ ಸುಳ್ಳು ಆದ ಮ್ಯಾಲ ಇದೊಂದು ಯಾಕ ಮುಚ್ಚಿಡಲಿ. ಕ್ರಿಸ್ಮಸ್ಸಿಗೆ ಅವ್ವ ಭಾಲ್ಕಿಗೆ ಬಂದಿದ್ಲಲ್ಲ, ವಾಪಸ್ ಬಂದು ಅತ್ಲು. ಅಣ್ಣನ ದುಕಾನದಾಗ ಪಂಢರಿ ಇಲ್ಲ, ಒಂದು ಮೋಟಾರ್ ಇಲ್ಲ, ತಿಂಗಳಾನುಗಟ್ಟಲೆ ಯಾರೂ ಬಂದು ಆಂವಗ ಒಂದು ಮಾತು ಕೇಳಿಲ್ಲ, ತಕ್ಕಡಿ ಒರೆಸಿ ಒರೆಸಿ ಇಡ್ತಾನ ಅಂದ್ಲು. ಪಂಢರಿ ಕಾಕಾ ಹೋಗಿದ್ದು ನನಗ ಅವಾಗೇ ತಿಳಿದಿತ್ತು, ಗೊತ್ತಿಲ್ಲದಂಗ ಬರದೆ. ನಿಮ್ಮನ್ನ ಯಾರಾದ್ರೂ ಏನಾದ್ರೂ ಕೇಳ್ಲಿ ಅಂತ ನನಗ ಅನಿಸಿತು. ಅದಕ್ಕ ಆ ಎರಡು ಡಬ್ಬಿ ಬಸ್ಸಿಗೆ ಹಾಕಿದೆ. ನೀವು ಲೇಬಲ್ ನೋಡಿ ‘ಕರೀದೇ ಸರಿ’ ಅಂತೀರಿ, ‘ಮಾಮಾ ಹೇಳಿದ್ರು’ ಅಂತ ನಾ ಎಲ್ಲರಿಗೂ ಹೇಳ್ತೇನಿ, ಅಷ್ಟೇ ನನ್ನ ಲೆಕ್ಕ ಇತ್ತು.

ನೀವು ಉಲ್ಟಾ ಹೇಳಿದ್ರಿ. ಆಮ್ಯಾಲ ಸಿಟ್ಟಿಗೆದ್ರಿ. ‘ಕೇಳಿದ ಮ್ಯಾಲ ಒಪ್ಪು’ ಅಂದ್ರಿ. ನಾ ಒಪ್ಪಿದೆ. ಒಬ್ಬ ಗಿರಾಕಿ ನಂಬಿ ಕೊಟ್ಟ ಮಷೀನಿಗೆ, ತಪ್ಪು ಅಂತ ಗೊತ್ತಿದ್ದ ಡಬ್ಬಿ, ನನ್ನ ಕೈಯಾರ ಹಾಕಿದೆ, ನಿಮ್ಮ ಮನಸ್ಸಿಗೆ ನೋವಾಗಬಾರದಂತ. ಚಾಚಾನ ಬೆರಳು ಸುಟ್ಟದ್ದು ನಿಮ್ಮ ಕೈಯಿಂದ ಅಲ್ಲ. ನೀವು ತಿಳೀದೆ ತಪ್ಪಿದ್ರಿ. ನಾ ತಿಳಿದು ತಪ್ಪಿದೆ.

ನಿಮಗ ಕನಿಕರ ತೋರಿಸೋಷ್ಟು ದೊಡ್ಡಾಕಿ ನಾ ಯಾವಾಗ ಆದೆನೋ. ಅದೇ ನನಗ ಎಲ್ಲಾಕ್ಕಿಂತ ನಾಚಿಕಿ.

ಟೇಬಲ್ಲಿಗೆ ಹೋಗ್ತೇನಿ. ಮೊದಲು ವಹೀದಾಬಿಗೆ ಇದನ್ನೆಲ್ಲಾ ನನ್ನ ಬಾಯಿಂದ ಹೇಳ್ತೇನಿ. ಕೇಳಿದ ಮ್ಯಾಲೂ ಅವರು ಕೂಡು ಅಂದ್ರ ಕೂಡ್ತೇನಿ.

ನಿಮ್ಮ ಸೊಸಿ
ನವೊಮಿ


ಭಾಲ್ಕಿ
೪ ಅಕ್ಟೋಬರ್ ೨೦೧೬

ನವೊಮಿ,
ವಹೀದಾಬಿ ಅವರ ದುಕಾನ, ಬೀದರ

ಈ ಕಾಗದ ತರೋರು ಬದ್ರೋದ್ದೀನ ಅಂತ, ಭಾಲ್ಕಿಯೊಳಗ ಫೋಟೋ ಸ್ಟುಡಿಯೋ ಇಟ್ಟಾರ. ಮದುವಿ ವಿಡಿಯೋ ಕತ್ತರಿಸಿ ಜೋಡಿಸ್ಲಿಕ್ಕ ದೊಡ್ಡ ಕಂಪ್ಯೂಟರ್ ಕಟ್ಟಿಸಬೇಕಂತ ಇದ್ದಾರ. ಇವರಿಗೆ ಯಾವ ಡಬ್ಬಿ ಹಾಕಬೇಕು ನೀ ನೋಡು.

ನಿನಗ ಪತ್ರ ಬರೆದು ನಾಲ್ಕು ತಿಂಗಳು ಆಯ್ತು. ಸಿಟ್ಟಿಲ್ಲ ಅಂತ ಬರೆದ್ರ ಮತ್ತ ಸುಳ್ಳಾಗ್ತದ. ಸಿಟ್ಟಿತ್ತು. ಕನಿಕರಕ್ಕ ಕೇಳಿದೆ ಅಂತ ನೀ ಬರೆದ ಸಾಲು ನನ್ನ ಎದಿಯೊಳಗ ಮುಳ್ಳಿನಂಗ ನಟ್ಟು ಕೂತಿತ್ತು. ನಿನ್ನ ಮ್ಯಾಲ ಸಿಟ್ಟು, ಎಸ್ತರನ ಮ್ಯಾಲ ಸಿಟ್ಟು, ಪುಣೆಕ್ಕ ಹೋದ ಪಂಢರಿ ಮ್ಯಾಲೂ ಸಿಟ್ಟು. ನೀ ಟೇಬಲ್ಲಿಗೆ ವಾಪಸ್ ಕೂತಿ ಅಂತ ಎಸ್ತರ ಹೇಳಿ ಕಳಿಸಿದ ದಿನ ಅದು ಜರಾ ಇಳೀತು.

ಹೋದ ತಿಂಗಳು ಮಳಿ ಬಂತು, ನಿನಗೂ ಗೊತ್ತು. ಎರಡು ವರ್ಷದ್ದು ಒಮ್ಮೆಲೇ ಬಂತು. ಕೆಸರು ತುಂಬಿದ ಮೋಟಾರ್ ದುಕಾನದ ಮುಂದ ಸಾಲು ಹಚ್ಚ್ಯಾವ. ನಿನ್ನೆ ನಾಲ್ಕು ಮಂದಿ ಗಿರಾಕಿ ಕೂತಿದ್ರು, ಆವಾಗ ಇವರು ಬಂದು ಎರಡು ಡಬ್ಬಿ ನನ್ನ ಮುಂದ ಇಟ್ರು. ‘ಮಿಸ್ತ್ರಿ, ನಿಮ್ಮ ಕೈ ತಕ್ಕಡಿ ಅಂತಾರಲ್ಲ, ಎತ್ತಿ ಹೇಳ್ರಿ’ ಅಂದ್ರು. ಎಲ್ಲಾರೂ ನನ್ನ ಕೈ ನೋಡಿದ್ರು. ಕೈ ತಾನಾಗೇ ಮುಂದ ಹೊಂಟಿತ್ತು ಮಗಳ, ಸುಳ್ಳು ಹೇಳಂಗಿಲ್ಲ. ಹಿಂದ ಕಟ್ಟಿಕೊಂಡೆ. ‘ನನಗ ತಿಳಿಯಂಗಿಲ್ಲರಿ, ಬೀದರದಾಗ ನನ್ನ ಸೊಸಿ ಇದ್ದಾಳ, ಆಕೀನ ಕೇಳ್ರಿ’ ಅಂದೆ. ಮೂವತ್ತು ವರ್ಷದಾಗ ಆ ಕುರ್ಚಿ ಮ್ಯಾಲ ಕೂತು ತಿಳಿಯಂಗಿಲ್ಲ ಅಂತ ನಾ ಅಂದಿದ್ದು ಅದೇ ಮೊದಲು. ಯಾರೂ ನಗಲಿಲ್ಲ. ಒಬ್ಬಾಂವ ತನ್ನ ಮೋಟಾರ್ ಯಾವಾಗ ಕೊಡ್ತೀರಿ ಅಂತ ಕೇಳಿದ.

ಇನ್ನೊಂದು ಮಾತು ಉಳದದ. ಜೂನಿನ ಪತ್ರದಾಗ ಎಲ್ಲಾ ಬರದೆ ಅಂದ್ಕೊಂಡಿದ್ದೆ. ಇದನ್ನ ಬರೀಲಿಲ್ಲ.

ನೀ ಫೆಬ್ರವರಿಯೊಳಗ, ಇನ್ನೊಮ್ಮೆ ಲೇಬಲ್ ನೋಡ್ತೀರೇನ್ರಿ ಅಂತ ಕೇಳಿದ್ದಿ. ನಾ ಒಮ್ಮೆಯೂ ನೋಡಿರಲಿಲ್ಲ. ನನಗ ಕಾಣಂಗಿಲ್ಲ. ಎರಡು ವರ್ಷ ಆಯ್ತು, ಸಣ್ಣ ಅಕ್ಷರ ಎಲ್ಲಾ ನೀರಾಗ ಬಿದ್ದಂಗ ಕಾಣ್ತಾವ. ತಂತಿ ಬೆರಳಿಗೆ ತಿಳೀತದ, ನಂಬರ್ ಪಂಢರಿ ಓದಿ ಹೇಳ್ತಿದ್ದ. ಆಂವ ಹೋದ ಮ್ಯಾಲ ಓದೋರು ಇರಲಿಲ್ಲ. ಸಭೆಯೊಳಗ ಪಾಠ ಬಿಟ್ಟದ್ದು ಅದಕ್ಕ. ನಿನ್ನ ಅಕ್ಷರಕ್ಕ ಬೈದದ್ದು ಅದಕ್ಕ. ನನ್ನ ಅಕ್ಷರ ದೊಡ್ಡವಾಗಿದ್ದು ದೊಡ್ಡಸ್ತಿಕೆಗೆ ಅಲ್ಲ. ನಿನ್ನ ಕಟ್ಟು ಬಂದ ದಿನ ಡಬ್ಬಿಯನ್ನ ಬಾಗಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ಎಷ್ಟು ಹೊತ್ತು ತಿರುಗಿಸಿದೆ. ಕಾಣಲಿಲ್ಲ. ಒಳಗ ಬಂದು ತಕ್ಕಡಿಗೆ ಹಾಕಿದೆ. ಕಾಣಂಗಿಲ್ಲ ಅಂತ ಒಂದು ಸಾಲು ಬರೆದಿದ್ರ ಇಷ್ಟೆಲ್ಲಾ ಆಗ್ತಿದ್ದಿಲ್ಲ. ‘ಲೇಬಲ್ ಏನು ನೋಡೋದು’ ಅಂತ ಬರದೆ.

ಬರೋ ಶನಿವಾರ ಮುಂಜಾನಿ ಬಸ್ಸಿಗೆ ಬೀದರಕ್ಕ ಬರ್ತೇನಿ. ಕಣ್ಣಿನ ದವಾಖಾನಿಗೆ ಕರಕೊಂಡು ಹೋಗು. ಅದಕ್ಕೂ ಮೊದಲು ನಿನ್ನ ಟೇಬಲ್ ಹತ್ತಿರ ನನಗೊಂದು ಸ್ಟೂಲ್ ಹಾಕು. ಇವರ ಎರಡು ಡಬ್ಬಿಯ ಲೇಬಲ್ ನೀ ಓದು, ನಾ ಕೇಳ್ತೇನಿ. ಜರಾ ಜೋರ ಓದು, ಕಿವಿಯೂ ನಿನಗ ಗೊತ್ತಿದ್ದದ್ದೇ.

ಮಾಮಾ